ತವುಡಿಗೆ ಮಾರಿದ ಕೂಸು

ವಿಜಾಪುರ, ಸಿದ್ಧೇಶ್ವರ ಗುಡಿಯ ಹಿಂದಿನ ಓಣಿ
12 ನವೆಂಬರ್ 1965, ಶುಕ್ರವಾರ

ನಮ್ಮ ಪೀರಪ್ಪನ ಅಪ್ಪನವರಿಗೆ ನೀಲಾಬಾಯಿಯ ನಮಸ್ಕಾರಗಳು.

ನಾನೂ ಹುಡುಗನೂ ಕ್ಷೇಮದಿಂದಿದ್ದೇವೆ. ನಿಮ್ಮ ಕೆಮ್ಮು ಹೇಗಿದೆ? ಯುದ್ಧ ನಿಂತು ಒಂದೂವರೆ ತಿಂಗಳಾದರೂ ಖಡಕಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ಎರಡೆರಡು ಪಾಳಿ ದುಡಿಸುತ್ತಾರೆ, ಯಾರಿಗೂ ರಜೆ ಇಲ್ಲ ಎಂದು ನಿಮ್ಮ ಜೊತೆಯ ಗುರಣ್ಣ ಹೇಳಿದ. ತಾಯಿ ತೀರಿಕೊಂಡದ್ದಕ್ಕೆ ಅವನೊಬ್ಬನಿಗೆ ಹತ್ತು ದಿನ ಸಿಕ್ಕಿತಂತೆ. ಅರಕೇರಿಯಲ್ಲಿ ಎಲ್ಲ ಮುಗಿಸಿಕೊಂಡು ಇವತ್ತು ಸಂಜೆಯ ಗಾಡಿಗೆ ಪುಣೆಗೆ ಹೊರಡುತ್ತಾನೆ, ಈ ಕಾಗದ ಅವನ ಕೈಯಲ್ಲೇ ಕಳಿಸುತ್ತೇನೆ. ಜೊತೆಗೆ ಶೇಂಗಾ ಹಿಂಡಿಯ ಡಬ್ಬಿ ಇದೆ. ಖಾನಾವಳಿಯ ಸಪ್ಪೆ ಸಾರಿನ ಮೇಲೆ ಬೇಸರಪಟ್ಟುಕೊಂಡು ಅರೆಹೊಟ್ಟೆಯಲ್ಲಿ ಏಳಬೇಡಿ, ಒಂದು ಹಿಡಿ ಹಿಂಡಿ ಕಲಸಿಕೊಂಡು ಉಣ್ಣಿರಿ. ಉಪ್ಪು ಸರಿಯಾಗಿ ಹಾಕಿದ್ದೇನೆ, ಹೆದರಬೇಡಿ. ಈ ಮನೆಯಲ್ಲಿ ಹತ್ತು ತಿಂಗಳ ಮೇಲೆ ಉಪ್ಪಿನ ಡಬ್ಬಿಯ ಮುಚ್ಚಳ ತೆಗೆದದ್ದು ನಿಮ್ಮ ಹಿಂಡಿಗಾಗಿಯೇ. ರಾತ್ರಿ ಮಲಗುವಾಗ ಎದೆಗೆ ಎಣ್ಣೆ ಸವರಿಕೊಳ್ಳಿ. ಸವರಿಕೊಳ್ಳುವುದಿಲ್ಲ ಎಂದು ನನಗೆ ಗೊತ್ತು, ಆದರೂ ಹೇಳುವುದು ನನ್ನ ಕೆಲಸ.

ಇನ್ನು ಸಿಟ್ಟಿನ ವಿಷಯ. ನೀವು ಜೈನಾಪುರಕ್ಕೆ ಮಾವನವರಿಗೆ ಬರೆದ ಕಾಗದವನ್ನು ನಾನು ಓದಿದೆ. ಅವರೇ ತಂದು ನನ್ನ ಕೈಗಿಟ್ಟರು. “ಗುಳಿಗೆ ನಿಲ್ಲಿಸಿರಿ. ಹುಡುಗನನ್ನು ಜೈನಾಪುರಕ್ಕೆ ಕರೆದುಕೊಂಡು ಹೋಗಿರಿ. ನೀಲಾ ಹಟ ಮಾಡಿದರೆ ಕೇಳಬೇಡಿರಿ” ಎಂದು ನಿಮ್ಮ ದುಂಡನೆಯ ಅಕ್ಷರದಲ್ಲಿ ಬರೆದಿದ್ದೀರಿ. ಆ ಅಕ್ಷರ ನೋಡಿಯೇ ನಾನು ನಿಮ್ಮನ್ನು ಮೆಚ್ಚಿಕೊಂಡದ್ದು, ಅದೇ ಅಕ್ಷರದಲ್ಲಿ ಇಂಥ ಮಾತು ಬರೆದಿರಲ್ಲ. ಖಾನಾವಳಿಯಲ್ಲಿ ಯಾರೋ ಒಬ್ಬ, ಅವನ ಹೆಸರು ಕೂಡ ನಿಮಗೆ ಸರಿಯಾಗಿ ಗೊತ್ತಿಲ್ಲ, ಈ ಗುಳಿಗೆ ತಿಂದ ಮಕ್ಕಳ ಮುಖ ಊದುತ್ತದೆ, ಎತ್ತರ ಬೆಳೆಯುವುದಿಲ್ಲ ಎಂದು ಹೇಳಿದನಂತೆ. ಅವನ ಮಾತು ನಿಮಗೆ ವೇದವಾಯಿತು, ಹತ್ತು ತಿಂಗಳು ಹುಡುಗನ ತಲೆದೆಸೆಯಲ್ಲಿ ಕುಳಿತವಳ ಮಾತು ಹಟವಾಯಿತು. ಹೌದು, ಹಟವೇ. ನಾನು ಗುಳಿಗೆ ನಿಲ್ಲಿಸಿಲ್ಲ, ನಿಲ್ಲಿಸುವುದೂ ಇಲ್ಲ. ಹುಡುಗನನ್ನು ಕಳಿಸಿಲ್ಲ, ಕಳಿಸುವುದೂ ಇಲ್ಲ. ಇಷ್ಟು ಓದಿ ಸಿಟ್ಟು ಬಂದರೆ ಒಂದು ಬೀಡಿ ಸೇದಿ ಮುಂದೆ ಓದಿರಿ, ಅರ್ಧಕ್ಕೆ ಮಡಚಿ ಇಡಬೇಡಿ.

ನೀವು ಮಿರಜಕ್ಕೆ ಬಂದು ಇದ್ದದ್ದು ಎರಡೇ ದಿನ. ಉಳಿದದ್ದನ್ನೆಲ್ಲ ನಾನು ಕಾರ್ಡಿನಲ್ಲಿ ತುಂಡು ತುಂಡಾಗಿ ಬರೆದೆ, ಕೆಲವನ್ನು ಬರೆಯಲೇ ಇಲ್ಲ. ಇವತ್ತು ಎಲ್ಲವನ್ನೂ ಒಟ್ಟಿಗೆ ಬರೆಯುತ್ತೇನೆ. ಸಂಕ್ರಾಂತಿಯ ಮರುದಿನ ಜೈನಾಪುರದಲ್ಲಿ ಹುಡುಗ ಎದ್ದಾಗ ಕಣ್ಣ ರೆಪ್ಪೆ ಬಾತಿತ್ತು. ಅತ್ತೆಯವರು, ಕಬ್ಬಿನ ಗದ್ದೆಯಲ್ಲಿ ಜೇನು ಕಡಿದಿರಬೇಕು ಎಂದರು. ನಾಲ್ಕು ದಿನಕ್ಕೆ ಕಾಲು ಬಾತವು, ಹತ್ತು ದಿನಕ್ಕೆ ಹೊಟ್ಟೆ ಬಂತು, ಅಂಗಿಯ ಗುಂಡಿ ಹಾಕಲು ಬರದ ಹಾಗಾಯಿತು. ದಿನಕ್ಕೆ ಒಂದು ಚಟಾಕು ಕೂಡ ಉಚ್ಚೆ ಹೊಯ್ಯುತ್ತಿರಲಿಲ್ಲ. ಇಲ್ಲಿಯ ಡಾಕ್ಟರರು ಅದನ್ನೇ ಗಾಜಿನ ನಳಿಗೆಯಲ್ಲಿ ಹಾಕಿ ದೀಪದ ಮೇಲೆ ಹಿಡಿದರು. ನಾನು ನೋಡುತ್ತ ನಿಂತಿದ್ದೆ, ಕುದಿಯುತ್ತಿದ್ದ ಹಾಗೆ ಒಡೆದ ಹಾಲಿನಂತೆ ಗಟ್ಟಿಯಾಯಿತು. ಮೈಯ ಸತ್ವವೆಲ್ಲ ಹೀಗೆ ಹೊರಗೆ ಹೋಗುತ್ತಿದೆ, ಮೂತ್ರಪಿಂಡ ಸೋರುತ್ತಿದೆ, ಇವತ್ತೇ ಮಿರಜಕ್ಕೆ ಹೊರಡಿರಿ ಎಂದರು. ಟಿಕೋಟಾದಲ್ಲಿ ಬಸ್ಸು ನಿಂತಾಗ ನಮ್ಮಪ್ಪ, ಮೈಮೇಲಿದ್ದ ಅಂಗಿಯಲ್ಲೇ, ಸಾಲಿಗೆ ಹೋಗುವ ದಾರಿಯಲ್ಲೇ, ನಮ್ಮ ಜೊತೆ ಬಸ್ಸು ಹತ್ತಿಬಿಟ್ಟರು. ಮೂವತ್ತು ವರ್ಷದ ಮಾಸ್ತರಿಕೆಯಲ್ಲಿ ಹೇಳದೆ ಕೇಳದೆ ಸಾಲಿ ಬಿಟ್ಟದ್ದು ಅದೊಂದೇ ದಿನ.

ಮಿರಜದ ಆಸ್ಪತ್ರೆಯ ಡಾಕ್ಟರಬಾಯಿಯನ್ನು ನೀವು ನೋಡಿದ್ದೀರಿ. ದಪ್ಪ ಕನ್ನಡಕ, ಬೆಳಗಾವಿ ಕಡೆಯ ಕನ್ನಡ. ಅವರು ನನ್ನನ್ನು ಕೂಡಿಸಿಕೊಂಡು ಹೇಳಿದ್ದು ಇಷ್ಟು: “ನೋಡವಾ, ಮನಿ ಕಾಯಾಕ ಇಟ್ಟ ನಾಯಿ ಮನಿ ಮಂದೀನ್ನ ಕಡ್ಯಾಕತ್ತೇತಿ. ಈ ಗುಳಿಗಿ ಆ ನಾಯಿಗಿ ಹಗ್ಗಾ ಹಾಕ್ತೈತಿ. ಆದರ ನಾಯಿ ಕಟ್ಟಿದ ಮನಿಗಿ ಕಳ್ಳ ಬರೂದು ಭಾಳ ಸಸಾರ. ಕಳ್ಳನ್ನ ನೀನ ಕಾಯಬೇಕು.” ಅಂದರೆ ನಮ್ಮ ಮೈಯಲ್ಲಿ ರೋಗದ ಜೊತೆ ಬಡಿದಾಡುವ ಒಂದು ಶಕ್ತಿ ಇದೆಯಂತೆ, ಅದು ಇವನಲ್ಲಿ ದಾರಿ ತಪ್ಪಿ ಸ್ವಂತ ಮೂತ್ರಪಿಂಡದ ಮೇಲೆಯೇ ಬಿದ್ದಿದೆ. ಗುಳಿಗೆ ಆ ಶಕ್ತಿಯನ್ನು ಅಡಗಿಸುತ್ತದೆ. ಅದು ಅಡಗಿರುವವರೆಗೆ ದಡಾರ, ಸಿಡುಬು, ಬರಿಯ ನೆಗಡಿ ಕೂಡ ಇವನಿಗೆ ಯಮನೇ. ಇನ್ನೊಂದು ಮಾತನ್ನು ಅವರು ಮೂರು ಸಲ ಹೇಳಿದರು, ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಬಾರದು. ಮೈ ಆ ಗುಳಿಗೆಗೆ ಒಗ್ಗಿಕೊಂಡು ತಾನು ಮಾಡಬೇಕಾದದ್ದನ್ನು ಮರೆತಿರುತ್ತದೆ, ತಟ್ಟನೆ ನಿಲ್ಲಿಸಿದರೆ ಹುಡುಗ ಕುಸಿದು ಬೀಳುತ್ತಾನೆ. ನಿಲ್ಲಿಸುವುದಾದರೂ ಒಂದೊಂದಾಗಿ, ವಾರಗಟ್ಟಲೆ, ಅವರೇ ಇಳಿಸಬೇಕು.

ಪರದೇಶದಲ್ಲಿ ಮೂತ್ರಪಿಂಡ ಪೂರಾ ಕೆಟ್ಟ ಮಕ್ಕಳಿಗೆ ತಾಯಿಯದೋ ತಂದೆಯದೋ ಒಂದನ್ನು ತೆಗೆದು ಕೂಡಿಸುತ್ತಿದ್ದಾರಂತೆ. ಹೆರವರದು ಬಂತೆಂದು ಮೈ ಅದನ್ನು ಹೊರಗೆ ಹಾಕಲು ನೋಡುತ್ತದೆ. ಹಾಕದ ಹಾಗೆ ಆ ಮಕ್ಕಳೂ ದಿನಾಲು ಇದೇ ಗುಳಿಗೆ, ಇದರ ಜೊತೆ ಇನ್ನೊಂದು ಗುಳಿಗೆ, ನುಂಗುತ್ತಾರಂತೆ. ಒಂದು ದಿನ ತಪ್ಪಿಸಿದರೂ ತಾಯಿ ಕೊಟ್ಟದ್ದು ಹಾಳು. ಕೇಳಿದವಳೇ ನಾನು ಸೀರೆಯ ನಿರಿಗೆ ಸರಿಮಾಡಿಕೊಂಡು, ಹಂಗಾರ ನಂದು ತಗೀರಿ ಎಂದೆ. ಡಾಕ್ಟರಬಾಯಿ ನಗಲಿಲ್ಲ. ನಿನ್ನ ಮಗನಿಗೆ ಅದು ಬೇಡ, ಇವನವು ಇನ್ನೂ ಕೆಟ್ಟಿಲ್ಲ, ಗುಳಿಗೆಯ ಮಾತು ಕೇಳುತ್ತಿವೆ, ಇಂಥ ಬಹಳ ಮಕ್ಕಳು ಬೆಳೆಯುತ್ತ ಬೆಳೆಯುತ್ತ ಗುಣವಾಗುತ್ತಾರೆ ಎಂದರು. ಖಂಡಿತ ಎಂದು ಹೇಳಲಿಲ್ಲ, ಬಹಳ ಮಕ್ಕಳು ಎಂದರು. ಆ ಬಹಳ ಮಕ್ಕಳಲ್ಲಿ ನನ್ನವನೂ ಇರಬೇಕು, ಅದಕ್ಕಾಗಿ ಈ ಓಣಿಯ ಜೊತೆ, ನಿಮ್ಮ ಊರಿನ ಜೊತೆ, ನಿಮ್ಮ ಜೊತೆ ಜಗಳಾಡುವುದಿದ್ದರೆ ಆಡುತ್ತೇನೆ.

ಆಡಿಯೂ ಆಗಿದೆ. ದಿನಾಲು ಮುಂಜಾನೆ ನಾನು ಅವನ ಉಚ್ಚೆ ಕುದಿಸಿ ನೋಡುತ್ತೇನೆ. ಡಾಕ್ಟರಬಾಯಿಯೇ ನಳಿಗೆ, ಸ್ಪಿರಿಟ್ ದೀಪ ಕೊಟ್ಟು ಕಲಿಸಿದರು. ತಿಳಿಯಾಗಿದ್ದರೆ ಸರಿ, ಮಬ್ಬಾದರೆ ಮಿರಜಕ್ಕೆ ಹೊರಡಬೇಕು. ಅತ್ತೆಯವರು ಇಲ್ಲಿಗೆ ಬಂದು ಮೊದಲ ಸಲ ನೋಡಿದಾಗ ಸೆರಗಿನಿಂದ ಮೂಗು ಮುಚ್ಚಿಕೊಂಡು, “ಲಿಂಗಪೂಜಿ ಆಗೂ ಮನ್ಯಾಗ ಉಚ್ಚಿ ಕುದಸ್ತಿ ಏನಬೇ?” ಎಂದು ಅಂದಿನ ಊಟ ಬಿಟ್ಟರು. ಅವರ ಸಂಕಟ ನನಗೆ ತಿಳಿಯುತ್ತದೆ. ಆದರೆ ಲಿಂಗಪೂಜೆ ಮಾಡಿ ಬೇಡಿಕೊಳ್ಳುವುದೂ ಇದನ್ನೇ ಅಲ್ಲವೇ, ಹುಡುಗ ಉಳಿಯಲಿ ಎಂದು. ಈಗ ಆ ಕೆಲಸವನ್ನು ಹಿತ್ತಲಿನಲ್ಲಿ, ನೆರೆಮನೆಯ ಪೀರಾಂಬಿಯ ಚುರಮರಿ ಭಟ್ಟಿಯ ಪಕ್ಕದಲ್ಲಿ ಮಾಡುತ್ತೇನೆ. ಅವಳು ಅಕ್ಕಿ ಹುರಿಯುತ್ತ, ನಾನು ನಳಿಗೆ ಹಿಡಿಯುತ್ತ. ಚುರಮರಿಯ ಅಕ್ಕಿಗೆ ಉಪ್ಪುನೀರು ಬೀಳುತ್ತದೆ, ಇವನು ಉಪ್ಪು ತಿಂದರೆ ಬಾವು ಏರುತ್ತದೆ. ಅದಕ್ಕೆ ಅವಳು ಇವನ ಪಾಲಿಗೆ ಬೇರೆಯೇ ಒಂದು ಗಡಿಗೆಯಲ್ಲಿ ಜೋಳದ ಅಳ್ಳು ಹುರಿದಿಡುತ್ತಾಳೆ. ಆ ಗಡಿಗೆಯನ್ನು ಅವಳ ಗಂಡ ಮುಟ್ಟಿದರೂ ಬೈಗುಳ ತಪ್ಪಿದ್ದಲ್ಲ.

ಜೂನಿನಲ್ಲಿ ಸಿಡುಬಿನ ಲಸಿಕೆಯವರು ಮನೆ ಮನೆಗೆ ಬಂದರು. ಒಳ್ಳೆಯ ಕೆಲಸವೇ, ಇಡೀ ಓಣಿಯನ್ನು ನಾನೇ ಕರೆದು ನಿಲ್ಲಿಸಿದೆ, ನನ್ನ ಕೈಗೂ ಹಾಕಿಸಿಕೊಳ್ಳಲು ಹೋಗಿ ತಡೆದೆ. ಏಕೆಂದರೆ ಲಸಿಕೆಯ ಗಾಯ ಇದ್ದವರು ಇವನನ್ನು ಮುಟ್ಟಬಾರದು, ಇವನಿಗಂತೂ ಹಾಕಲೇಬಾರದು ಎಂದು ಡಾಕ್ಟರಬಾಯಿ ಚೀಟಿ ಬರೆದುಕೊಟ್ಟಿದ್ದರು. ಲಸಿಕೆಯವನು ಚೀಟಿ ನೋಡದೆ, ಸರಕಾರಿ ಹುಕುಂ, ಹುಡುಗನನ್ನು ತನ್ನಿರಿ ಎಂದು ಬಾಗಿಲಲ್ಲಿ ಕಾಲಿಟ್ಟ. ನಾನು ಬಾಗಿಲಿಗೆ ಅಡ್ಡ ನಿಂತು, ಮೊದಲು ಓದು, ಆಮೇಲೆ ಹುಕುಂ ಹೇಳು ಎಂದೆ. ಅರ್ಧ ತಾಸು ಗದ್ದಲವಾಯಿತು. ಕಡೆಗೆ ಅವನ ಮೇಲಿನವರು ಬಂದು ಚೀಟಿ ಓದಿ, ಬಾಯಿಯವರು ಹೇಳುವುದು ಸರಿ ಎಂದು ಹೋದರು. ಪೀರಾಂಬಿ ತಾನು ಹಾಕಿಸಿಕೊಂಡಿದ್ದಳಲ್ಲ, ಅದರ ಹಕ್ಕಳೆ ಬಿದ್ದು ಮಾಯುವವರೆಗೆ ಮೂರು ವಾರ ನಮ್ಮ ಹೊಸ್ತಿಲು ತುಳಿಯಲಿಲ್ಲ. ಗೋಡೆಯ ಆಚೆ ನಿಂತು ಇವನಿಗೆ ಕಥೆ ಹೇಳುತ್ತಿದ್ದಳು.

ಇನ್ನು ನಾನು ನಿಮಗೆ ಬರೆಯದೆ ಬಿಟ್ಟ ವಿಷಯ. ಪಂಚಮಿಗೆ ಹುಡುಗ ಜೈನಾಪುರಕ್ಕೆ ಹೋಗಿ ಬಂದ ಮೇಲೆ ಜ್ವರ ಬಂದು ಮಿರಜದಲ್ಲಿ ಮೂರು ವಾರ ಇದ್ದ ಎಂದು ಬರೆದಿದ್ದೆ. ಜ್ವರವಲ್ಲ. ನನಗೆ ಟಿಕೋಟಾಕ್ಕೆ ಹೋಗಬೇಕಾಗಿತ್ತು, ಅಪ್ಪನಿಗೆ ಹುಷಾರಿರಲಿಲ್ಲ. ಆರು ದಿನಕ್ಕೆ ಹುಡುಗನನ್ನೂ ಗುಳಿಗೆಯನ್ನೂ ಅತ್ತೆಯವರ ಕೈಯಲ್ಲಿ ಕೊಟ್ಟು ಹೋದೆ. ಅವರು ಇವನ ಮುಖ ನೋಡಿದರು. ಹುಣ್ಣಿಮೆಯ ಹಾಗೆ ದುಂಡಗೆ ಆಗಿತ್ತು, ಕೆನ್ನೆ ಕೆಂಪಾಗಿತ್ತು, ಕೇಳಿ ಕೇಳಿ ರೊಟ್ಟಿ ಹಾಕಿಸಿಕೊಂಡು ತಿನ್ನುತ್ತಿದ್ದ. ಬಂದವರೆಲ್ಲ, “ಲಕ್ಕವ್ವಾ, ಮೊಮ್ಮಗ ಮೈ ತುಂಬ್ಯಾನ ನೋಡು” ಎಂದರಂತೆ. ಅದು ಗುಳಿಗೆಯಿಂದ ಬಂದ ದುಂಡು, ಅದು ಆರೋಗ್ಯವಲ್ಲ ಎಂದು ನಾನು ಹೇಳಿಹೋದದ್ದನ್ನು ಅವರು ಮರೆತರು. ಇಷ್ಟು ಚೆಂದ ಇರುವ ಹುಡುಗನಿಗೆ ಔಷಧ ಯಾಕೆ ಎಂದು ಗುಳಿಗೆಯನ್ನು ಜಗಲಿಯ ಮೇಲೆ ದೇವರ ಮುಂದೆ ಇಟ್ಟು ಕೈಮುಗಿದರು. ಕೆಟ್ಟ ಮನಸ್ಸಿನಿಂದಲ್ಲ, ಸಂತೋಷದಿಂದ. ನಾನು ಬರುವಷ್ಟರಲ್ಲಿ ಅವನು ವಾಂತಿ ಮಾಡಿಕೊಂಡು ಕಣ್ಣು ಬಿಡದೆ ಬಿದ್ದಿದ್ದ. ಬಬಲೇಶ್ವರದವರೆಗೆ ಬಂಡಿಯಲ್ಲಿ ತೊಡೆಯ ಮೇಲೆ ಹಾಕಿಕೊಂಡು ಬಂದೆ. ದಾರಿಯಲ್ಲಿ ಎರಡು ಸಲ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡಿದೆ. ಆ ಎರಡು ಸಲದ ಮಧ್ಯೆ ನಾನು ಹೇಗಿದ್ದೆ ಎಂದು ನಿಮಗೆ ಬರೆಯಲಾರೆ. ಅತ್ತೆಯವರಿಗೆ ನೋವಾಗಬಾರದು, ನೀವು ಅವರ ಮೇಲೆ ಸಿಟ್ಟಾಗಬಾರದು ಎಂದು ಜ್ವರವೆಂದು ಬರೆದೆ. ಅದೇ ನನ್ನ ತಪ್ಪು. ಅದನ್ನು ಬರೆದಿದ್ದರೆ ನೀವು ಇವತ್ತು ಗುಳಿಗೆ ನಿಲ್ಲಿಸಿರಿ ಎಂದು ಬರೆಯುತ್ತಿರಲಿಲ್ಲ.

ನಿಮ್ಮ ಖಾನಾವಳಿಯ ಗೆಳೆಯ ಹೇಳಿದ್ದು ಸುಳ್ಳಲ್ಲ ಎಂಬುದನ್ನೂ ಬರೆದುಬಿಡುತ್ತೇನೆ. ಮುಖ ದುಂಡಗಾಗಿದೆ. ಹಣೆಯ ಮೇಲೆ, ಕಿವಿಯ ಹತ್ತಿರ ಸಣ್ಣ ಕೂದಲು ಬಂದಿವೆ. ಸಾಲಿಗೆ ಕಳಿಸಿಲ್ಲ, ಕಳಿಸಿದರೆ ಮಕ್ಕಳು ಏನು ಕರೆಯುತ್ತಾರೋ ನನಗೆ ಗೊತ್ತಿದೆ. ಎತ್ತರ ನಿಧಾನವಾಗಿ ಬೆಳೆಯಬಹುದು ಎಂದು ಡಾಕ್ಟರಬಾಯಿಯೂ ಮುಚ್ಚಿಡದೆ ಹೇಳಿದ್ದಾರೆ. ಗಿಡ್ಡ ಆದರೆ ಆಗಲಿ. ಗಿಡ್ಡನೆಯ ಮಗನಿಗೆ ಗಿಡ್ಡನೆಯ ಅಂಗಿ ಹೊಲಿಸಿದರಾಯಿತು. ನಮ್ಮ ಮೊದಲಿನ ಎರಡು ಕೂಸುಗಳಿಗೆ ಹೊಲಿಸಿದ ಅಂಗಿ ನನ್ನ ಟ್ರಂಕಿನಲ್ಲಿ ಹಾಗೇ ಇವೆ, ಅವಕ್ಕೆ ಎತ್ತರದ ಚಿಂತೆಯೇ ಬರಲಿಲ್ಲ.

ಈಗ ಮೊನ್ನೆ ಬುಧವಾರದ ಸಂಗತಿ. ಮಾವನವರೂ ನಿಮ್ಮ ತಮ್ಮ ಶಂಕ್ರೆಪ್ಪನೂ ಮಧ್ಯಾಹ್ನದ ಬಸ್ಸಿಗೆ ಬಂದರು. ಕಾಲು ತೊಳೆದು ಕುಳಿತರು, ನಿಮ್ಮ ಕಾಗದ ಕೊಟ್ಟರು. ಶಂಕ್ರೆಪ್ಪನ ಮಗಳಿಗೆ ದಡಾರ ಎದ್ದಿದೆಯಂತೆ, ದೇವಿತಾಯಿಯೇ ಮನೆಗೆ ಬಂದಿದ್ದಾಳೆ ಎಂದು ಶುಕ್ರವಾರ ಮನೆಯ ಮಕ್ಕಳೆಲ್ಲ ಅವಳ ಪಕ್ಕ ಸಾಲಾಗಿ ಕುಳಿತು ಮೊಸರನ್ನದ ಎಡೆ ಉಣ್ಣಬೇಕು, ಪೀರಪ್ಪನೂ ಬಂದು ಕೂಡಬೇಕು ಎಂದು ಅತ್ತೆಯವರು ಹರಕೆ ಹೊತ್ತಿದ್ದಾರೆ. ದಡಾರ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನಾನು ಹುಡುಗನನ್ನು ಒಳಕೋಣೆಗೆ ನೂಕಿ ಬಾಗಿಲು ಮುಂದೆ ಮಾಡಿದೆ. ಶಂಕ್ರೆಪ್ಪ ಆ ಹುಡುಗಿಯ ಮಗ್ಗುಲಿನಿಂದ ಎದ್ದು ಬಂದವನು, ಅವನನ್ನು ಅಂಗಳಕ್ಕೆ ಇಳಿದು ನಿಲ್ಲು ಎಂದೆ. ಅವನ ಮುಖ ಕಪ್ಪಿಟ್ಟಿತು. “ವೈನಿ, ನನ್ನ ಮುಟ್ಟಬಾರದಾಂವನ್ನ ನಿಲ್ಲಸಿದಾಂಗ ನಿಲ್ಲಸ್ತೀರಲ್ಲ” ಎಂದ. ಮನೆಗೆ ಬಂದ ಮೈದುನನಿಗೆ ಹಾಗೆ ಹೇಳಬಾರದಾಗಿತ್ತು, ಗೊತ್ತು. ಮಾವನವರು ಮಾತ್ರ ಸಿಟ್ಟಾಗಲಿಲ್ಲ. “ನೀಲವ್ವಾ, ಹುಡುಗ ಮೈ ತುಂಬ್ಯಾನ. ಇನ್ನ್ಯಾಕ ಆ ಗುಳಿಗಿ? ಅವರಪ್ಪನ ಬರದಾನ. ಅರಿವಿ ಗಂಟ ಕಟ್ಟು, ಮೂರು ಗಂಟೇದ ಬಸ್ಸಿಗಿ ಹೋಗೂದೈತಿ” ಎಂದು ಶಾಂತವಾಗಿ ಹೇಳಿದರು. ನಾನು ಮಿರಜ ಎಂದೆ, ಪಂಚಮಿ ಎಂದೆ, ನಾಯಿ ಎಂದೆ, ಹಗ್ಗ ಎಂದೆ. ಕೇಳುವಷ್ಟು ಕೇಳಿ ಎದ್ದುನಿಂತರು. ಗಂಡನೂ ಮಾವನೂ ಒಂದು ಕಡೆ ಆದ ಮೇಲೆ ನನ್ನ ಮಾತಿಗೆ ಅಲ್ಲಿ ಯಾವ ಆಧಾರವೂ ಉಳಿಯಲಿಲ್ಲ. ಒಳಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

ಆಗ ಪೀರಾಂಬಿ ಬಂದಳು. ಭಟ್ಟಿಯಿಂದ ಎದ್ದು ಬಂದ ಹಾಗೇ, ಮೊಣಕೈವರೆಗೆ ಮಸಿ, ಕೈಯಲ್ಲಿ ಜಾಲರಿ ಸೌಟು. ಬಂದವಳೇ ಮಾವನವರಿಗೆ ಸಲಾಂ ಮಾಡಿ, “ಕಾಕಾ, ಯಾರ ಮಗನ್ನ ಕರ್ಕೊಂಡು ಹೊಂಟೀರಿ?” ಎಂದು ಕೇಳಿದಳು. ನಮ್ಮ ಪೀರಪ್ಪನನ್ನು ಕರಕೊಂಡು ಹೊಂಟೀವಿ ಎಂದ ಶಂಕ್ರೆಪ್ಪ ಅಂಗಳದಿಂದ. “ನಿಮ್ಮಾಂವ ಯಾವಾಗಿಂದ ಆದ?” ಎಂದಳು.

ನಿಮಗೆ ಮರೆತಿರಬಹುದು, ಅದಕ್ಕೆ ಬರೆಯುತ್ತೇನೆ. ಎರಡು ಕೂಸು ಮಣ್ಣಿಗಿಟ್ಟ ಮೇಲೆ ಇವನು ಹುಟ್ಟಿದ ಹದಿಮೂರನೆಯ ದಿನ, ಇದೇ ಓಣಿಯಲ್ಲಿ, ಅತ್ತೆಯವರೇ ಇವನನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಟ್ಟರು. ಇದು ನಮ್ಮದಲ್ಲ, ಬೇಕಾದವರು ಎತ್ತಿಕೊಳ್ಳಿರಿ ಎಂದರು. ಪೀರಾಂಬಿ ಎತ್ತಿಕೊಂಡಳು, ಐದು ಮಂದಿಯ ಮುಂದೆ ಒಂದು ಮೊರ ತವುಡು ಕೊಟ್ಟಳು, ಈ ಕೂಸು ನಂದು ಎಂದಳು. ಅವಳು ನಡೆದುಕೊಳ್ಳುವ ಪೀರನ ಹೆಸರಿಟ್ಟೆವು. ಸಾವು ಮತ್ತೆ ನಮ್ಮ ಮನೆ ಹುಡುಕಿಕೊಂಡು ಬಂದರೆ, ಈ ಮನೆಯಲ್ಲಿ ಇವರ ಕೂಸಿಲ್ಲ, ತವುಡಿಗೆ ಮಾರಿದ ಯಾರದೋ ಕೂಸು ಎಂದು ತಿರುಗಿ ಹೋಗಲಿ ಎಂದು. ತವುಡನ್ನು ಟವೆಲಿನಲ್ಲಿ ಕಟ್ಟಿಕೊಂಡು ಹೋದವರು ಮಾವನವರು. ಅವತ್ತಿನಿಂದ ಇವತ್ತಿನವರೆಗೆ ಅವರು ಇವನನ್ನು ಮೊಮ್ಮಗ ಎಂದು ಒಮ್ಮೆಯೂ ಕರೆದಿಲ್ಲ. ಪೀರಾಂಬಿ ಮಗನ ಎಂದೇ ಕರೆಯುತ್ತಾರೆ. ನಾನು ಅದನ್ನು ತಮಾಷೆ ಎಂದುಕೊಂಡಿದ್ದೆ.

ಪೀರಾಂಬಿ ಅಂದಳು: “ಐದು ಮಂದಿ ಮುಂದ ಕೊಂಡೇನಿ, ಕಾಕಾ. ತವುಡು ನಿಮ್ಮ ಎತ್ತು ತಿಂದೈತಿ. ಇಂವಗ ಗುಳಿಗಿ ಕೊಡೂದೋ ಬ್ಯಾಡೋ, ಊರಿಗಿ ಕಳಸೂದೋ ಬ್ಯಾಡೋ ನಾ ಹೇಳಬೇಕು. ನಾ ಹೇಳಾಕತ್ತೇನಿ, ಗುಳಿಗಿ ನಿಲ್ಲಂಗಿಲ್ಲ, ಹುಡುಗ ಬರಂಗಿಲ್ಲ.” ಮಾವನವರು, ಅದು ಶಾಸ್ತ್ರಕ್ಕ ಮಾಡಿದ್ದವಾ ಎಂದರು. ಅವಳು ಸೌಟನ್ನು ಕೆಳಗಿಟ್ಟಳು. “ಶಾಸ್ತ್ರಕ್ಕ ಮಾಡಿದ್ದು ಖರೇ ಅಲ್ಲಂತೀರಿ? ಹಂಗಾರ ಇಲ್ಲೇ ನಡು ಅಂಗಳದಾಗ ನಿಂತು, ಇಂವ ನನ್ನ ಮೊಮ್ಮಗ ಅಂತ ಜೋರಲೆ ಮೂರು ಸಲ ಹೇಳ್ರಿ. ಕೇಳಬಾರದವರು ಯಾರಾರ ಕೇಳಸ್ಕೊಂಡ್ರ ನನ್ನ ಅನಬ್ಯಾಡ್ರಿ. ಹೇಳ್ರಿ, ಹೇಳಿ ಕರ್ಕೊಂಡು ಹೋಗ್ರಿ.”

ಮಾವನವರು ಬಾಯಿ ತೆರೆದರು. ಊರಿನ ಐದು ಪಂಚರಲ್ಲಿ ಒಬ್ಬರು, ಎತ್ತು ಮಾರಿದರೂ ಬಾಯಿಮಾತಿನ ಮೇಲೆ ಮಾರಿದವರು. ತೆರೆದ ಬಾಯಿಗೆ ಟವೆಲು ಹಿಡಿದುಕೊಂಡರು. ಶಂಕ್ರೆಪ್ಪ, ಹೇಳಪ್ಪಾ, ಹೇಳೂದಕ್ಕೇನು ಎಂದ. ಅವರು ಅವನನ್ನು ದುರುಗುಟ್ಟಿ ನೋಡಿದರು. ಗುಳಿಗೆ, ಮೂತ್ರಪಿಂಡ ಎಂದು ನಾನು ಒಂದು ತಾಸು ಹೇಳಿದ್ದು ಅವರ ಕಿವಿಗೆ ಹೋಗಿರಲಿಲ್ಲ. ಇದು ಹೋಯಿತು. ಟವೆಲು ಇಳಿಸಿ ಮುಚ್ಚಿದ ಬಾಗಿಲಿನ ಕಡೆ ನೋಡಿ, “ಪೀರಾಂಬಿ ಮಗನ, ಅರಾಮ ಅದೀಯೇನಲೇ?” ಎಂದು ಕೇಳಿದರು. ಅವನು ಒಳಗಿನಿಂದಲೇ, ಅದೇನಿ ಮುತ್ಯಾ ಎಂದ. ಹೋಗುವಾಗ ಹೊಸ್ತಿಲಲ್ಲಿ ನಿಂತು, ಬೆಲ್ಲ ತಿನ್ನಬಹುದೇನು ಎಂದು ನನ್ನನ್ನು ಕೇಳಿದರು. ಬೆಲ್ಲಕ್ಕೆ ಅಡ್ಡಿಯಿಲ್ಲ ಎಂದೆ. ಬಗಲ ಚೀಲದಿಂದ ಒಂದು ಅಚ್ಚು ತೆಗೆದು ಕಟ್ಟೆಯ ಮೇಲಿಟ್ಟು ಮೂರರ ಬಸ್ಸಿಗೆ ಹೋದರು. ಅವರು ತಿರುವು ದಾಟುವವರೆಗೆ ತಡೆದುಕೊಂಡು ಆಮೇಲೆ ಕುಳಿತು ಅತ್ತುಬಿಟ್ಟೆ. ಪೀರಾಂಬಿ ನನ್ನನ್ನು ಸಮಾಧಾನ ಮಾಡಲಿಲ್ಲ, ಭಟ್ಟಿಯಲ್ಲಿ ಮರಳು ಕಾದುಹೋಗಿದೆ ಎಂದು ಓಡಿದಳು.

ಆ ಶಾಸ್ತ್ರದ ಮೇಲೆ ನನಗೆ ನಂಬಿಕೆ ಅಷ್ಟಕ್ಕಷ್ಟೆ. ನಾನು ಮಾಸ್ತರ ಮಗಳು, ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವಳು. ಆದರೆ ಅವತ್ತು ನನ್ನ ಮಗನನ್ನು ಮನೆಯಲ್ಲಿ ಉಳಿಸಿದ್ದು ನನ್ನ ಮುಲ್ಕಿ ಅಲ್ಲ, ನೀವೂ ಅಲ್ಲ. ಇನ್ನು ಮೇಲೆ ನೀವು ಜೈನಾಪುರಕ್ಕೆ ಬೇಕಾದಷ್ಟು ಕಾಗದ ಬರೆಯಿರಿ. ಇವತ್ತು ಶುಕ್ರವಾರ, ಅಲ್ಲಿ ಎಡೆಗೆ ಮಕ್ಕಳು ಕುಳಿತಿರುತ್ತಾರೆ. ಇವನು ಇಲ್ಲಿ ನನ್ನ ಮಗ್ಗುಲಲ್ಲೇ ಕುಳಿತು ಅಳ್ಳು ತಿನ್ನುತ್ತಿದ್ದಾನೆ, ಅಪ್ಪಗ ಏನ ಬರ್ಯಾಕತ್ತಿ ಎಂದು ಎರಡು ಸಲ ಕೇಳಿದ. ಬೈಯಾಕತ್ತೇನಿ ಎಂದೆ. ಭಾಳ ಬೈಬ್ಯಾಡ ಎಂದ. ಇವತ್ತು ಮುಂಜಾನೆ ನಳಿಗೆ ತಿಳಿಯಾಗಿತ್ತು, ಇಪ್ಪತ್ತೊಂದು ದಿನದಿಂದ ತಿಳಿಯಾಗಿದೆ.

ಪೀರಾಂಬಿ ಸಲಾಂ ಹೇಳಿದ್ದಾಳೆ. ಟಿಕೋಟಾದಿಂದ ಅಪ್ಪ ಆಶೀರ್ವಾದ ತಿಳಿಸಿದ್ದಾರೆ. ಸಿದ್ಧೇಶ್ವರ ನಿಮ್ಮನ್ನು ಚೆನ್ನಾಗಿಟ್ಟಿರಲಿ, ನಿಮಗೆ ಬುದ್ಧಿಯನ್ನೂ ಕೊಡಲಿ.

ನಿಮ್ಮ ಮಾತು ಮೀರಿದ, ಆದರೂ ನಿಮ್ಮವಳೇ ಆದ,
ನೀಲಾಬಾಯಿ

ತಾ.ಕ. ಗುರಣ್ಣ ಬಂದು ಬಾಗಿಲಲ್ಲಿ ನಿಂತಿದ್ದಾನೆ, ಗಾಡಿಗೆ ಹೊತ್ತಾಯಿತು ಎನ್ನುತ್ತಿದ್ದಾನೆ. ಇಷ್ಟೆಲ್ಲ ಬರೆದು ಬರೆಯಬೇಕಾದದ್ದನ್ನು ಬರೆಯಲಿಲ್ಲ. ಗುಳಿಗೆ ಇವತ್ತಿನವು ಬಿಟ್ಟು ಐವತ್ತೆರಡು ಉಳಿದಿವೆ. ದಿನಕ್ಕೆ ನಾಲ್ಕು. ಯುದ್ಧ ಶುರುವಾದ ಮೇಲೆ ವಿಜಾಪುರದ ಯಾವ ಔಷಧದ ಅಂಗಡಿಯಲ್ಲೂ ಇಲ್ಲ, ಮಿರಜದಲ್ಲೂ ಹೊಸ ಸರಕು ಬಂದಿಲ್ಲ, ಪುಣೆಯಲ್ಲಿ ಸಿಗುತ್ತದೆ ಎಂದು ಡಾಕ್ಟರಬಾಯಿ ಬರೆದಿದ್ದಾರೆ. ಅವರ ಚೀಟಿ ಈ ಕಾಗದದೊಳಗೇ ಇದೆ, ಕಳೆಯಬೇಡಿ. ಮಾವನವರಿಗೆ ಇದು ಗೊತ್ತಿಲ್ಲ. ಗೊತ್ತಾದರೆ ಅವರು ಮತ್ತೆ ಬಸ್ಸು ಹತ್ತಿ ಬರುವುದೇ ಬೇಡ, ಎರಡು ವಾರ ಸುಮ್ಮನೆ ಕುಳಿತರೆ ಸಾಕು. ಈ ತಿಂಗಳ ಇಪ್ಪತ್ತೈದರ ರಾತ್ರಿಯವರೆಗೆ ಇವೆ, ಇಪ್ಪತ್ತಾರರ ಮುಂಜಾನೆಗೆ ಇಲ್ಲ. ಇದು ಪೀರಾಂಬಿಯ ಕೈಯಲ್ಲಿ ಆಗುವ ಕೆಲಸವಲ್ಲ, ನನ್ನ ಕೈಯಲ್ಲೂ ಆಗುವುದಿಲ್ಲ. ನನ್ನ ಮಾತು ಒಪ್ಪದಿದ್ದರೆ ಒಪ್ಪಬೇಡಿ, ಸಿಟ್ಟು ಇದ್ದರೆ ಇಟ್ಟುಕೊಳ್ಳಿ. ಕಾಗದ ಬರೆಯುತ್ತ ಕೂರಬೇಡಿ. ಮೊದಲು ಗುಳಿಗೆ ಕಳಿಸಿ, ಆಮೇಲೆ ಬಂದು ಬೈಯಿರಿ.